ಹೇಳಿದ ದಿನಕ್ಕೆ ಜಂಪರು

ರಾಣೆಬೆನ್ನೂರಿನಲ್ಲಿ ಫಕೀರಪ್ಪ ಮಾಸ್ತರರ ಟೇಲರ್ ಅಂಗಡಿ ಬಲು ದೊಡ್ಡದು. ಅಲ್ಲಿ ಶಂಕ್ರವ್ವ ಹನ್ನೊಂದು ವರ್ಷ ಜಂಪರು ಹೊಲಿದಳು. ಬಂದವರಿಗೆಲ್ಲ ಮಾಸ್ತರರು "ಸೋಮವಾರ ಬರ್ರಿ" ಅನ್ನುತ್ತಿದ್ದರು. ಸೋಮವಾರ ಬಟ್ಟೆ ಸಿಗದವರಿಂದ ಬೈಸಿಕೊಳ್ಳುವವಳು ಶಂಕ್ರವ್ವ. ಒಮ್ಮೆ ಒಬ್ಬ ಮದುಮಗಳು ಹಳೆಯ ಜಂಪರಿನಲ್ಲೇ ಹಸೆಮಣೆ ಏರಬೇಕಾಯಿತು. ಅವತ್ತೇ ಶಂಕ್ರವ್ವ, "ನಾನು ಬ್ಯಾರೆ ಅಂಗಡಿ ಇಡ್ತೀನ್ರಿ" ಅಂದಳು.

ಮಾಸ್ತರರು ಉರಿದುಬಿದ್ದರು. "ನನ್ನ ಅಂಗಡ್ಯಾಗ ಮಾಡದ ಕೆಲಸ ಅಷ್ಟೇ ಮಾಡ್ತೀನಿ ಅಂತ ಬರದುಕೊಡು. ಇಲ್ಲಾಂದ್ರ ಈ ಪ್ಯಾಟ್ಯಾಗ ನಿನಗ ಯಾರೂ ಮಳಿಗಿ ಬಾಡಿಗಿ ಕೊಡದಂಗ ಮಾಡ್ತೀನಿ!"

ಶಂಕ್ರವ್ವ ಸ್ವಲ್ಪ ಯೋಚಿಸಿ, ನಗುತ್ತಲೇ ಬರೆದು ಸಹಿ ಹಾಕಿದಳು.

ಹದಿನೈದು ದಿನಕ್ಕೆ ಎದುರಿನ ಸಾಲಿನಲ್ಲೇ ಅವಳ ಹೊಲಿಗೆ ಯಂತ್ರ ಸದ್ದು ಮಾಡತೊಡಗಿತು. ಮಾಸ್ತರರು ಕಾಗದ ಹಿಡಿದು ಓಡಿಬಂದರು. ಅಂಗಡಿ ತುಂಬ ಹೆಂಗಸರು.

"ನನ್ನ ಅಂಗಡ್ಯಾಗ ಮಾಡದ ಕೆಲಸ ಅಷ್ಟೇ ಮಾಡ್ತೀನಿ ಅಂತ ಬರದುಕೊಟ್ಟಿದ್ದಿ!"

"ಅದನ್ನೇ ಮಾಡಾಕತ್ತೀನ್ರಿ" ಎಂದು ಶಂಕ್ರವ್ವ ಬೋರ್ಡು ತೋರಿಸಿದಳು. 'ಹೇಳಿದ ದಿನವೇ ಬಟ್ಟೆ ಕೊಡಲಾಗುವುದು' ಎಂದಿತ್ತು. "ನಿಮ್ಮಲ್ಲಿ ಒಮ್ಮ್ಯಾರ ಹೇಳಿದ ದಿನ ಬಟ್ಟಿ ಕೊಟ್ಟಿದ್ರ ಹೇಳ್ರಿ, ಈಗಲೇ ಬಾಗಿಲು ಹಾಕ್ತೀನಿ."

ಮಾಸ್ತರರು ಸಾಕ್ಷಿಗಾಗಿ ಸುತ್ತ ನೋಡಿದರು. ಎಲ್ಲರೂ ಅವರದೇ ಹಳೆಯ ಗಿರಾಕಿಗಳು. ಒಬ್ಬಳು, "ನನಗ ದೀಪಾವಳಿಗೆ ಕೊಡ್ತೀನಿ ಅಂದಿದ್ರು. ಯಾವ ವರ್ಷದ್ದು ಅಂತ ಹೇಳಿರಲಿಲ್ಲ" ಅಂದಳು. ಅಂಗಡಿಯೆಲ್ಲ ನಗುವೋ ನಗು.

ಮಾಸ್ತರರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಶಂಕ್ರವ್ವ, ಗುರುವಾರ ನನ್ನ ತಂಗಿ ಮನ್ಯಾಗ ಲಗ್ನ ಐತಿ. ನನ್ನ ಹೆಂಡತಿಗೆ ಒಂದು ಜಂಪರ ಹೊಲಿದು ಕೊಡ್ತೀಯೇನು? ಆಕಿಗೆ ನನ್ನ ಅಂಗಡಿ ಮ್ಯಾಲೆ ನಂಬಿಕಿ ಇಲ್ಲ."