ಸಂಜೆಯ ತೋಳು

"ಗುರುಗಳೇ, ಬೆಳಿಗ್ಗೆ ಧ್ಯಾನಕ್ಕೆ ಕೂತಾಗ ಇರುವ ನನ್ನ ಮನಸ್ಸು ಸಂಜೆಯಾದರೆ ಎಲ್ಲಿಗೆ ಹೋಗುತ್ತದೆ?" ಎಂದು ಮರುಳಯ್ಯ ಕೇಳಿದ.

ಕೇಳುವಾಗ ಅವನ ಬಟ್ಟೆಯ ಗಂಟು ಪಕ್ಕದಲ್ಲೇ ಇತ್ತು. ಮಠದಲ್ಲಿ ಹಾಸಿಗೆ ಹಿಡಿದ ಹಿರಿಯರೊಬ್ಬರ ಆರೈಕೆ ಒಂಬತ್ತು ವರ್ಷದಿಂದ ಅವನದೇ. ಹಿಂದಿನ ಸಂಜೆ ಅವರು ಗಂಜಿಯನ್ನು ಬಾಯಿಂದ ಹೊರಗೆ ಬಿಟ್ಟರು. ಮೂರನೆಯ ಸಲ ಬಿಟ್ಟಾಗ ಅವನು ಬಟ್ಟಲನ್ನು ನೆಲಕ್ಕೆ ಕುಕ್ಕಿ ಬಾಯಿಗೆ ಬಂದಂತೆ ಬೈದ. ಮುದುಕರು ಮಲಗಿದಲ್ಲೇ ಅವನಿಗೇ ಕೈಮುಗಿದರು. ಅದನ್ನು ನೋಡಿದ ಮೇಲೆ ಇಲ್ಲಿರಲು ತನಗೆ ಯೋಗ್ಯತೆಯಿಲ್ಲ ಎನಿಸಿತು. ಹೊರಟುಬಿಡುವುದೆಂದು ತೀರ್ಮಾನಿಸಿಯೇ ಬಂದಿದ್ದ.

ಗುರುಗಳು ಗಂಟನ್ನು ನೋಡಿದರು, ಅದರ ಮಾತೆತ್ತಲಿಲ್ಲ. ಕೂತುಕೋ, ಬೇಟೆಯ ಕತೆಯೊಂದಿದೆ, ಮಠದಲ್ಲಿ ಹಂದಿಯ ಮಾತೇ ಎಂದು ಮೂಗು ಮುರಿಯಬೇಡ ಎಂದು ಹೇಳಿ ಶುರುಮಾಡಿದರು.

ಒಂದು ಬೆಟ್ಟದೂರಿನಲ್ಲಿ ಒಬ್ಬ ಬೇಟೆಗಾರನಿದ್ದ. ಆ ಊರಿನಲ್ಲಿ ಒಂದು ಕಟ್ಟುಪಾಡು. ಬಾಣ ತಗುಲಿದ ಮೃಗ ಅಲ್ಲೇ ಬೀಳದೆ ನರಳುತ್ತ ತಪ್ಪಿಸಿಕೊಂಡು ಹೋದರೆ ಒಂದು ಸಲಕ್ಕೆ ಕ್ಷಮೆಯುಂಟು. ಎರಡನೆಯ ಸಲ ಹಾಗಾದರೆ ಬಿಲ್ಲಿನ ಹೆದೆ ಬಿಚ್ಚಿ ಊರ ಚಾವಡಿಯ ತೊಲೆಗೆ ಕಟ್ಟುತ್ತಾರೆ. ಆಮೇಲೆ ಅವನು ಬದುಕಿರುವವರೆಗೆ ಬಿಲ್ಲು ಮುಟ್ಟುವಂತಿಲ್ಲ. ಈ ಬೇಟೆಗಾರನಿಗೆ ಮೊದಲನೆಯ ಸಲ ಆಗಿಹೋಗಿತ್ತು. ಹೊಟ್ಟೆಯಲ್ಲಿ ಬಾಣ ನಾಟಿದ್ದ ಹಂದಿಯ ಹಿಂದೆ ಎರಡು ದಿನ ಅಲೆದಿದ್ದ. ನರಳಾಟ ಕೇಳಿಸುತ್ತಿತ್ತು, ಹಂದಿ ಸಿಗಲಿಲ್ಲ. ಬಿಲ್ಲು ಹೋದೀತೆಂಬ ಭಯ ಒಂದು ಕಡೆ, ಆ ನರಳಾಟ ಇನ್ನೊಂದು ಕಡೆ. ಉಂಡ ಅನ್ನ ಮೈಗೆ ಹತ್ತದಂತಾಯಿತು.

ತಪ್ಪೆಲ್ಲ ತನ್ನ ಬಿದಿರಿನ ಬಾಣದ್ದು ಎಂದುಕೊಂಡ. ಪೇಟೆಗೆ ಹೋಗಿ, ತನ್ನ ಬಿಲ್ಲಿನ ಬಲಕ್ಕೆ ಹೊಂದುವ ಹನ್ನೆರಡು ಕಾರ್ಬನ್ ಬಾಣ ಆರಿಸಿ ತಂದ. ಮಳೆಗೆ ಉಬ್ಬುವುದಿಲ್ಲ, ಬಿಸಿಲಿಗೆ ಸೊಟ್ಟಗಾಗುವುದಿಲ್ಲ. ಆದರೂ ತಂದ ಹಾಗೆಯೇ ಹೂಡುವಂತಿಲ್ಲ. ಹೆದೆ ತಳ್ಳಿದಾಗ ಯಾವ ಬಾಣವೂ ಚೂರು ಬಾಗಿ, ಬಿಲ್ಲಿನ ಹಿಡಿಯನ್ನು ಸುತ್ತಿಕೊಂಡು ಹೋಗುತ್ತದೆ. ಎಳೆತಕ್ಕೆ ತಕ್ಕಷ್ಟು ಬಾಗಿದರೆ ನೇರ ಹೋಗುತ್ತದೆ. ಹೆಚ್ಚು ಬಾಗಿದರೆ ಬಲಕ್ಕೆ, ಬಾಗದೆ ಸೆಟೆದರೆ ಎಡಕ್ಕೆ. ಬಲಕ್ಕೆ ಹೋಗುವುದನ್ನು ಚೂರು ಕತ್ತರಿಸಬೇಕು, ಗಿಡ್ಡವಾದಷ್ಟೂ ಬಾಗುವುದು ಕಡಿಮೆ. ಎಡಕ್ಕೆ ಹೋಗುವುದಕ್ಕೆ ಭಾರದ ಮೊನೆ ಹಾಕಬೇಕು, ಮೊನೆ ಭಾರವಾದಷ್ಟೂ ಬಾಗುವುದು ಹೆಚ್ಚು. ಹಿಂಬದಿಗೆ ಗರಿ ಕಟ್ಟಿದರೆ ಹಾರಾಟ ನೇರವಾಗಿ ತಪ್ಪು ಮುಚ್ಚಿಹೋಗುತ್ತದೆ, ಅದಕ್ಕೇ ಇದನ್ನೆಲ್ಲ ಗರಿಯಿಲ್ಲದೆ ಬಿಟ್ಟು ನೋಡಬೇಕು. ಹಾಗೆ ನೋಡದೆ ಬೇಟೆಯ ಅಗಲವಾದ ಅಲಗು ಸಿಕ್ಕಿಸಿದರೆ, ಮುಚ್ಚಿಹೋದ ತಪ್ಪು ಹಂದಿಯ ಹೊಟ್ಟೆಯಲ್ಲಿ ಹೋಗಿ ಕಾಣುತ್ತದೆ.

ಬೆಳಿಗ್ಗೆ ಎದ್ದು ಗರಿಯಿಲ್ಲದ ಬಾಣ ಬಿಟ್ಟ. ಬಲಕ್ಕೆ ಹೋಯಿತು. ಅರ್ಧ ಬೆರಳು ಕತ್ತರಿಸಿದ, ನೇರವಾಯಿತು. ಅಷ್ಟಕ್ಕೇ ಬಿಟ್ಟನೇ? ದಿನವೆಲ್ಲ ಬೆಟ್ಟದಿಂದ ಸೌದೆ ಹೊತ್ತು ಬಂದವನು, ಮನಸ್ಸು ತಡೆಯದೆ ಸಂಜೆ ಇನ್ನೊಮ್ಮೆ ಬಿಟ್ಟ. ಎಡಕ್ಕೆ ಹೋಯಿತು. ಭಾರದ ಮೊನೆ ಹಾಕಿದ, ನೇರವಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ಬಲಕ್ಕೆ. ಮತ್ತೆ ಕತ್ತರಿಸಿದ. ಸಂಜೆ ಎಡಕ್ಕೆ. ಮೊನೆಯನ್ನಾದರೆ ಬದಲಾಯಿಸಬಹುದು, ಕತ್ತರಿಸಿದ ಕಡ್ಡಿ ಮತ್ತೆ ಬೆಳೆಯುತ್ತದೆಯೇ? ಕೊನೆಗೆ ಬಿಲ್ಲು ಪೂರ್ತಿ ಎಳೆದರೆ ಮೊನೆ ಮುಷ್ಟಿಗೇ ತಾಗುವಷ್ಟು ಗಿಡ್ಡವಾಯಿತು. ಅದನ್ನು ಬಿಸಾಡಿ ಇನ್ನೊಂದನ್ನು ಹಿಡಿದ. ಹೆದೆ ಸರಿಯಿಲ್ಲ ಎಂದ, ಗಾಳಿ ಸರಿಯಿಲ್ಲ ಎಂದ. ಹೀಗೆ ಅಂದುಕೊಳ್ಳುತ್ತಲೇ ಒಂಬತ್ತು ಬಾಣ ಹಾಳುಮಾಡಿದ.

ಸಾಕು ಸಾಕಾಗಿ, ಉಳಿದ ಮೂರನ್ನು ಹಿಡಿದುಕೊಂಡು ಬಿಲ್ಲು ಮಾಡುವ ಮುದುಕಿಯ ಮನೆಗೆ ಹೋದ. ಅವಳು ಬೆಳಿಗ್ಗೆಯೇ ಅವನಿಂದ ಬಿಲ್ಲು ಎಳೆಸಿ, ಬಾಣ ಎಲ್ಲಿಯವರೆಗೆ ಹಿಂದೆ ಬಂತೆಂದು ಅದರ ಮೇಲೆ ಸುಣ್ಣದ ಗೆರೆ ಹಾಕಿದಳು. ಆಮೇಲೆ ದಿನವಿಡೀ ತನ್ನ ಮನೆಯ ಸೌದೆ ಒಡೆಸಿದಳು. ಬಿಟ್ಟಿ ಆಳು ಸಿಕ್ಕಿದ ಎಂದು ಒಡೆಸುತ್ತಿದ್ದಾಳೆಂದು ಅವನು ಒಳಗೊಳಗೇ ಬೈದುಕೊಂಡ. ಸಂಜೆ ಮತ್ತೆ ಎಳೆಸಿ ಇನ್ನೊಂದು ಗೆರೆ ಹಾಕಿದಳು. ಎರಡು ಗೆರೆಗಳ ನಡುವೆ ಹೆಬ್ಬೆಟ್ಟಿನಷ್ಟು ಜಾಗವಿತ್ತು, ಸಂಜೆ ಅಷ್ಟು ಕಡಿಮೆ ಎಳೆದಿದ್ದ.

"ಬಾಣ ಎರಡು ಹೊತ್ತೂ ನಿಜವನ್ನೇ ಹೇಳಿದೆ ಕಣಪ್ಪ. ಎಳೆದವರು ಇಬ್ಬರು," ಎಂದಳು.

ಬೇಟೆಗಾರನ ಮುಖ ಚಿಕ್ಕದಾಯಿತು. "ಹಾಗಾದರೆ ಬೆಳಗಿನ ತೋಳಿಗೇ ಹೊಂದಿಸುತ್ತೇನಮ್ಮ. ನನ್ನ ನಿಜವಾದ ತೋಳು ಅದೇ."

"ಹಂದಿ ಬರುವುದು ಯಾವ ಹೊತ್ತಿಗೆ?"

ಹಂದಿ ಇಳಿಯುವುದು ಹೊತ್ತು ಮುಳುಗುವಾಗ. ಅಷ್ಟರಲ್ಲಿ ಬೆಟ್ಟ ಹತ್ತಿ ಇಳಿದು ಅವನ ಮೈ ಸೋತಿರುತ್ತದೆ. ಎರಡು ದಿನ ನರಳಿದ ಹಂದಿಗೆ ಬಾಣ ಬಿಟ್ಟದ್ದೂ ಆ ಸೋತ ತೋಳೇ.

ಉಳಿದ ಮೂರು ಬಾಣಗಳನ್ನು ಅವನು ಸಂಜೆಯೇ ಹೊಂದಿಸಿದ. ದುಡಿದು ಬಂದು, ಇವತ್ತೊಂದು ದಿನ ಬೇಡ ಎಂದು ತೋಳು ಗೋಗರೆಯುವಾಗಲೇ ಎಳೆದು ನೋಡಿದ. ಅವನ್ನು ಬೆಳಿಗ್ಗೆ ಬಿಟ್ಟರೆ ಬಲಕ್ಕೆ ಹೋಗುತ್ತಿದ್ದವು. ಊರಿನವರು ನಕ್ಕರು. ನಕ್ಕರೆ ನಗಲಿ ಎಂದು ಸುಮ್ಮನಾದ. ಒಂದು ಮುಸ್ಸಂಜೆ ಹಂದಿ ಬಂತು. ದಿನದ ದುಡಿತಕ್ಕೆ ಅವನ ತೋಳು ಸೋತಿತ್ತು. ಹೆಬ್ಬೆಟ್ಟಿನಷ್ಟು ಕಡಿಮೆಯೇ ಎಳೆದ. ಹಂದಿ ನಿಂತಲ್ಲೇ ಕುಸಿಯಿತು, ನರಳಲಿಲ್ಲ. ಕುಣಿಯುವಷ್ಟು ತ್ರಾಣ ಬೇಟೆಗಾರನಲ್ಲಿ ಇರಲಿಲ್ಲ. ಬಿಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅಲ್ಲೇ ಕುಳಿತ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಬಟ್ಟೆಯ ಗಂಟನ್ನು ಹತ್ತಿರ ಎಳೆದುಕೊಂಡ.

"ನನ್ನೊಳಗಿನ ಸಂಜೆಯವನು ಕೆಟ್ಟವನು ಗುರುಗಳೇ. ಬೆಳಗಿನವನಷ್ಟೇ ನಿಮ್ಮ ಶಿಷ್ಯ. ಇವನನ್ನು ಕಳಿಸಿಬಿಡಿ," ಎಂದ.

"ಬೆಳಗಿನವನಿಗೆ ಗುರು ಬೇಕಿಲ್ಲ ಮರುಳಯ್ಯ, ಒಂಬತ್ತು ವರ್ಷದಿಂದ ನಾನು ಕಾಯುತ್ತಿದ್ದದ್ದು ಈ ಸಂಜೆಯವನು ಯಾವಾಗ ಬಂದು ನನ್ನೆದುರು ಕೂತಾನು ಎಂದು."