ಮೂರು ಗಂಟಿನ ಹಗ್ಗ

ಗಾಣದ ಗುರುಸಿದ್ದನಿಗೆ ಒಂದು ತಿಂಗಳಿಂದ ಸರಿಯಾಗಿ ಊಟ ಸೇರುತ್ತಿರಲಿಲ್ಲ. ಕಾರಣ ಒಂದು ಹಗ್ಗ. ಬರೀ ಹಗ್ಗ ತಾನೇ ಅಂದುಕೊಳ್ಳಬೇಡಿ. ಅದರಲ್ಲಿ ಮೂರು ಗಂಟುಗಳಿದ್ದವು.

ಆ ರಾಜ್ಯದ ಮಂತ್ರಿ ಮಹಾ ಬುದ್ಧಿವಂತ. ಎತ್ತು ದಷ್ಟಪುಷ್ಟವಾಗಿದ್ದರೆ ಗಾಣ ಚೆನ್ನಾಗಿ ತಿರುಗುತ್ತದೆ, ಎಣ್ಣೆ ಹೆಚ್ಚು ಬರುತ್ತದೆ, ಹಾಗಾದರೆ ಎತ್ತನ್ನೇ ಅಳೆದು ತೆರಿಗೆ ಹಾಕಿದರಾಯಿತಲ್ಲ ಎಂದು ಯೋಚಿಸಿದ. ಸುಂಕದವರ ಕೈಗೆ ಒಂದೊಂದು ಹಗ್ಗ ಕೊಟ್ಟ. ಎತ್ತಿನ ಎದೆಯ ಸುತ್ತಳತೆ ಮೊದಲ ಗಂಟು ದಾಟದಿದ್ದರೆ ವರ್ಷಕ್ಕೆ ಒಂದು ಕೊಡ ಎಣ್ಣೆ. ದಾಟಿದರೆ ನಾಲ್ಕು ಕೊಡ. ಎರಡನೆಯ ಗಂಟು ದಾಟಿದರೆ ಎಂಟು. ಮೂರನೆಯದರ ಮಾತು ಕೇಳಲೇಬೇಡಿ.

ಗುರುಸಿದ್ದನ ಎತ್ತಿನ ಹೆಸರು ಬೆಳ್ಳ. ಕರುವಾಗಿದ್ದಾಗಿನಿಂದ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಹಿಂಡಿಯನ್ನು ಕೈಯಾರೆ ತಿನ್ನಿಸಿ ಸಾಕಿದ್ದ. ಊರಲ್ಲಿ ಹನ್ನೊಂದು ಗಾಣಗಳಿದ್ದರೂ ಬೆಳ್ಳ ಅರೆದಷ್ಟು ಕುಸುಬೆ ಕಾಳನ್ನು ಯಾವ ಎತ್ತೂ ಅರೆಯುತ್ತಿರಲಿಲ್ಲ. ಮೊದಲು ಆ ಊರಿನ ಗಾಣದವರಿಗೆ ಯಾರ ಎತ್ತು ಬಲವಾದದ್ದು ಎಂಬುದೇ ಪೈಪೋಟಿ. ಹಗ್ಗ ಬಂದ ಮೇಲೆ ಯಾರ ಎತ್ತು ಬಡಕಲು ಎಂಬುದಕ್ಕೆ ಪೈಪೋಟಿ! ಎಂಥಾ ಕಾಲ ಬಂತು ನೋಡಿ.

ಗುರುಸಿದ್ದ ಅಂಥದ್ದೇ ಹಗ್ಗ ಹೊಸೆದು ಬೆಳ್ಳನನ್ನು ಅಳೆದ. ಎರಡನೆಯ ಗಂಟು ದಾಟಿ ಮೂರು ಬೆರಳು! ಅಂದಿನಿಂದಲೇ ಹಿಂಡಿ ನಿಲ್ಲಿಸಿದ, ಮೇವು ಅರ್ಧ ಮಾಡಿದ.

"ಏನ್ರೀ ಇದು? ಹಿಂಡಿ ಆಗೋ ಮನ್ಯಾಗ ಎತ್ತಿಗೆ ಹಿಂಡಿ ಇಲ್ಲಂದ್ರ ಹೆಂಗ? ಅದರ ಕಣ್ಣ ನೋಡಾಕ ಆಗವಲ್ದು," ಅಂದಳು ಹೆಂಡತಿ ತಿಪ್ಪವ್ವ.

"ಎಲ್ಲಾರ ಮನ್ಯಾಗೂ ಇದ ನಡದೈತಿ. ಅಮಾಸಿಗೆ ಸುಂಕದ ರಾಚಪ್ಪ ಬಂದು ಹೋಗ್ಲಿ. ಮರುದಿನಾನ ಹೊಟ್ಟಿ ತುಂಬ ಹಾಕ್ತೀನಿ."

ಅಮಾವಾಸ್ಯೆ ಬಂತು, ರಾಚಪ್ಪ ಬರಲಿಲ್ಲ. ಇವತ್ತು ಬಂದಾನು ಎಂದು ಗುರುಸಿದ್ದ ಮರುದಿನ ಊರ ಬಾಗಿಲಿಗೆ ಹೋಗಿ ನಿಂತ. ಅದರ ಮರುದಿನವೂ ನಿಂತ. ತಿನ್ನಿಸಿದರೆ ಅಳತೆ ಏರುತ್ತದೆ, ತಿನ್ನಿಸದಿದ್ದರೆ ಎತ್ತು ಇಳಿಯುತ್ತದೆ. ಹೊಟ್ಟೆಗಿಲ್ಲದ ಎತ್ತನ್ನು ಗಾಣಕ್ಕೆ ಹೂಡುವುದಾದರೂ ಹೇಗೆ? ಗಾಣ ನಿಂತಿತು. ಊರಿನ ಉಳಿದ ಹತ್ತು ಗಾಣಗಳೂ ನಿಂತವು. ಗುರುಸಿದ್ದ ದಿನಕ್ಕೆ ಹತ್ತು ಸಲ ಕೊಟ್ಟಿಗೆಗೆ ಹೋಗಿ ಬೆಳ್ಳನ ಪಕ್ಕೆಲುಬು ಸವರಿ, "ಇನ್ನೊಂದ ದಿನ ತಡಿಯಪ್ಪಾ, ಇನ್ನೊಂದ ದಿನ," ಅನ್ನುತ್ತಿದ್ದ. ಪಾಪ, ಬೆಳ್ಳ ಅವನ ಕೈ ನೆಕ್ಕುತ್ತಿತ್ತು.

ಇಪ್ಪತ್ತು ದಿನ ಕಳೆದ ಮೇಲೆ ದೂರದಿಂದ ಕಿರ್ರೋ ಎಂದು ಕಿರುಚುತ್ತ ರಾಚಪ್ಪನ ಬಂಡಿ ಬಂತು.

ರಾಚಪ್ಪ ಹಗ್ಗ ಸುತ್ತಿ ಬಿಗಿದ. ಬೆಳ್ಳನ ಎದೆ ಮೊದಲ ಗಂಟಿನೊಳಗೇ ನಿಂತಿತು.

"ಒಂದ ಕೊಡ ಸಾಕು, ಗುರುಸಿದ್ದಾ. ಈಗ ಬರೀ ಬರಕೊಂಡು ಹೋಗ್ತೀನಿ, ಎಣ್ಣಿ ವರ್ಷದ ಕೊನಿಗೆ ಕೊಟ್ರ ಆತು. ನಾ ಹೋದ ಊರಾಗೆಲ್ಲಾ ಒಂದ ಕೊಡಾನ. ಬೊಕ್ಕಸಕ್ಕ ಸಾಲವಲ್ದು ಅಂತ ಮುಂದಿನ ವರ್ಷ ಗಂಟು ಇನ್ನೂ ಒಳಗ ಕಟ್ತಾರಂತ."

ಗುರುಸಿದ್ದ ಆ ಮಾತು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ಒಳಗೆ ಓಡಿ ಬುಟ್ಟಿ ತುಂಬ ಹಿಂಡಿ ತಂದು ಬೆಳ್ಳನ ಮುಂದಿಟ್ಟ. ಬೆಳ್ಳ ಮೂಸಿ ನೋಡಿತು. ಬಾಯಿ ಹಾಕಲಿಲ್ಲ. ಮುಂಗಾಲು ಮಡಿಸಿ ಕೂತಿತು, ಆಮೇಲೆ ಮಗ್ಗುಲಿಗೆ ವಾಲಿತು. "ತಿನ್ನೋ, ನನ್ನಪ್ಪಾ, ತಿನ್ನೋ," ಎಂದು ಗುರುಸಿದ್ದ ಅದರ ಬಾಯಿಗೆ ಹಿಂಡಿ ತುರುಕುತ್ತ ಅತ್ತ. ಬೆಳ್ಳ ಮತ್ತೆ ಏಳಲಿಲ್ಲ.

ರಾಚಪ್ಪ ಹಗ್ಗ ಸುತ್ತಿಟ್ಟುಕೊಂಡು ಮೆಲ್ಲಗೆ ಕೇಳಿದ: "ತಿಪ್ಪವ್ವಾ, ಬಂಡಿ ಅಚ್ಚಿಗೆ ಒಂದ ಸೌಟು ಎಣ್ಣಿ ಸಿಕ್ಕೀತೇನವ್ವಾ? ದಾರಿ ತುಂಬ ಯಾವ ಊರಾಗೂ ಕೀಲೆಣ್ಣಿ ಸಿಗಲಿಲ್ಲ. ಬಂಡಿ ಮುಂದಕ್ಕ ಹೋಗವಲ್ದು. ಅದಕ್ಕ ನೋಡು, ಇಪ್ಪತ್ತು ದಿನ ತಡ ಆತು."

ಗುರುಸಿದ್ದ ತಲೆಯೆತ್ತಿದ.

"ಎಣ್ಣೀನ? ಇಲ್ಲೇ ಬಿದ್ದೈತಿ ನೋಡ್ರಿ. ಎತ್ತಿಕೊಂಡು ಹೋಗ್ರಿ," ಎಂದು ಬೆಳ್ಳನನ್ನು ತೋರಿಸಿದ.

ಹನ್ನೊಂದು ಗಾಣಗಳ ಊರಲ್ಲಿ ಅವತ್ತು ಒಂದು ಸೌಟು ಎಣ್ಣೆಯೂ ಹುಟ್ಟಲಿಲ್ಲ. ರಾಚಪ್ಪನ ಬಂಡಿ ಊರ ಬಾಗಿಲು ದಾಟುವ ಮೊದಲೇ ಅಚ್ಚು ಕಚ್ಚಿಕೊಂಡು ನಿಂತುಬಿಟ್ಟಿತು.

ನೀತಿ: ದುಡಿಯುವ ಬಲವನ್ನೇ ಅಳೆದು ತೆರಿಗೆ ಹೇರಿದರೆ, ಜನ ಬಲ ಬೆಳೆಸುವುದನ್ನು ಬಿಟ್ಟು ಬಲ ಕುಗ್ಗಿಸುವ ಪೈಪೋಟಿಗೆ ಬೀಳುತ್ತಾರೆ. ಆಗ ಬಡವನ ಗಾಣವೂ ನಿಲ್ಲುತ್ತದೆ, ಅರಸನ ಬಂಡಿಯೂ ನಿಲ್ಲುತ್ತದೆ.