ಅಂಗೈ ಮೇಲಿನ ಬಟ್ಟಲು

"ಗುರುಗಳೇ, ತಪ್ಪು ನನ್ನದಲ್ಲ, ತಂಬೂರಿಯದು ಎಂದು ನಾಲ್ಕು ಜನರೆದುರು ತೋರಿಸಿಕೊಡುವುದು ಹೇಗೆ?"

ಶಿಷ್ಯ ಹೀಗೆ ಕೇಳಿದ. ಹಿಂದಿನ ದಿನ ಸಭೆಯಲ್ಲಿ ಅವನು ಹಾಡುವಾಗ ಶ್ರುತಿ ಅಲುಗಾಡಿತ್ತು. ಕೇಳಿದವರು ಮುಖ ಮುಖ ನೋಡಿಕೊಂಡಿದ್ದರು. ಬೆಳಗಾಗುವುದರೊಳಗೆ ಅವನು ತಂಬೂರಿಯ ಬಿರಡೆ, ತಂತಿ, ತಂತಿಯನ್ನು ಹೊತ್ತ ಕುದುರೆ ಎಲ್ಲದರ ಮೇಲೂ ದೂರು ಸಿದ್ಧಮಾಡಿಕೊಂಡು, ತಂಬೂರಿಯನ್ನೂ ಹೊತ್ತುಕೊಂಡು ಬಂದಿದ್ದ. ಗುರುಗಳು ತಂಬೂರಿಯನ್ನು ಮುಟ್ಟಿ ನೋಡಲಿಲ್ಲ, ಅವನನ್ನು ಬೈಯಲೂ ಇಲ್ಲ. "ಕೂತುಕೋ" ಎಂದು ಕತೆ ಶುರುಮಾಡಿದರು.

ಒಬ್ಬ ಬಡಗಿ ಇದ್ದ. ಹೆಮ್ಮೆಯ ಮನುಷ್ಯ. ತಾನು ಮಾಡಿದ ಬಾಗಿಲಿರುವ ಮನೆಗೆ ಹೋದರೆ, ಮನೆಯವರನ್ನು ಮಾತಾಡಿಸುವ ಮೊದಲು ಬಾಗಿಲನ್ನು ಮಾತಾಡಿಸುತ್ತಿದ್ದ. ಅಂಗೈಯಿಂದ ಒಮ್ಮೆ ಸವರಿ, ಚೆನ್ನಾಗಿದ್ದೀಯಾ ಎಂಬಂತೆ ತಲೆಯಾಡಿಸಿ, ಆಮೇಲೆ ಒಳಗೆ ಕಾಲಿಡುತ್ತಿದ್ದ. ಜನ ನಗುತ್ತಿದ್ದರು. ನಗಲಿ. ಅಷ್ಟು ಹೆಮ್ಮೆ ಇಲ್ಲದವನು ಬಾಗಿಲು ಮಾಡಬಾರದು, ಹಾಡಲೂಬಾರದು.

ಅವನ ಕೆಲಸದ ಮನೆಯಲ್ಲಿ ಹಲಗೆ ಉಜ್ಜಿ ನಯ ಮಾಡುವ ಯಂತ್ರವೊಂದಿತ್ತು. ಅಪ್ಪ ತಂದದ್ದು. ಮೇಜಿನಂತೆ ಕಬ್ಬಿಣದ ಹಾಸು, ನಡುವೆ ಗಿರ್ರನೆ ತಿರುಗುವ ಬ್ಲೇಡು, ಪಕ್ಕದಲ್ಲಿ ಬೆಲ್ಟು ಓಡುವ ದೊಡ್ಡ ಚಕ್ರ. ಹಲಗೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಬ್ಲೇಡಿನ ಮೇಲೆ ತಳ್ಳಿಕೊಂಡು ಹೋಗಬೇಕು. ಕೈ ಒಂದು ಚೂರು ಅಳುಕಿದರೂ ಹಲಗೆಯ ಮೇಲೆ ಅದರ ಗುರುತು ಬೀಳುತ್ತದೆ. ಬಡಗಿಯ ಹಲಗೆಯ ಮೇಲೆ ಅಂಥ ಗುರುತನ್ನು ಯಾರೂ ಕಂಡಿರಲಿಲ್ಲ.

ಒಂದು ವರ್ಷ ಊರಿನ ಶಾಲೆಗೆ ಹದಿನಾರು ಬಾಗಿಲು ಮಾಡುವ ಕೆಲಸ ಅವನಿಗೆ ಬಂತು. ಶಾಲೆಯವರೇ ಮರ ತಂದು ಇಳಿಸಿದರು. ಮೊದಲ ಬಾಗಿಲಿನ ಹಲಗೆ ಸಿದ್ಧವಾದ ದಿನ ಹೆಡ್‌ಮಾಸ್ಟರು ನೋಡಲು ಬಂದರು. ಹಲಗೆಯನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿದರು. ಬೆಳಕು ಅಡ್ಡ ಬಿದ್ದಾಗ ಅದರ ಮೈತುಂಬ ಸಣ್ಣ ಸಣ್ಣ ಅಲೆ ಕಂಡಿತು.

ಹೆಡ್‌ಮಾಸ್ಟರು ಒಳ್ಳೆಯವರು. ತೊಂದರೆಯಾದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಕೂಗಾಡುತ್ತಿದ್ದರು, ಬಡಗಿಯೂ ತಿರುಗಿ ಕೂಗಾಡಿ ಹಗುರಾಗುತ್ತಿದ್ದ. ಅವರು ಮೆಲ್ಲಗೆ ಹೇಳಿದರು: "ಆಚಾರ್ರೇ, ಬೇಜಾರು ಮಾಡ್ಕೋಬೇಡಿ. ವಯಸ್ಸಾದ ಮೇಲೆ ಕೈ ನಡುಗೋದು ಯಾರಿಗೂ ತಪ್ಪಿದ್ದಲ್ಲ. ಇನ್ನೆಂಟು ದಿನ ನೋಡೋಣ. ಆಗ್ಲಿಲ್ಲ ಅಂದ್ರೆ ಮರ ಬೇರೆ ಕಡೆ ಕಳಿಸ್ತೀನಿ, ನೀವು ಆರಾಮಾಗಿರಿ."

"ಕೈ ನಡುಗತ್ತೆ ಅಂದ್ರಾ? ನನ್ನ ಕೈ?" ಎಂದ ಬಡಗಿ.

ಆರಾಮಾಗಿರಿ ಎಂಬ ಆ ಒಂದು ಮಾತು ಅವನನ್ನು ಕೊಂದಿತು. ಮರ ಹೋದರೆ ಹೋಗಲಿ. ಆದರೆ ಕೈ ನಡುಗುತ್ತದೆ ಎಂಬ ಮಾತು ಊರಲ್ಲಿ ಉಳಿದುಬಿಟ್ಟರೆ ಇನ್ನು ಯಾರ ಮನೆಯ ಬಾಗಿಲನ್ನು ಅವನು ಯಾವ ಮುಖ ಹೊತ್ತು ಸವರಬೇಕು? ಮರುದಿನವೇ ಸಂತೆಯಲ್ಲಿ ಒಬ್ಬಾತ ಅವನ ಕೈಚೀಲವನ್ನು ತಾನೇ ಇಸಿದುಕೊಂಡ, ಪಾಪ, ಕೈ ನಡುಗುವವರಿಗೆ ಭಾರವಾದೀತು ಎಂದು.

ಬಡಗಿಗೆ ಸಿಟ್ಟು ನೆತ್ತಿಗೇರಿತು. ನಡುಗುವುದು ನನ್ನ ಕೈಯಲ್ಲ, ಯಂತ್ರ. ಅದರ ಮೇಲೆ ತುಂಬಿದ ಬಟ್ಟಲು ಇಟ್ಟು ಓಡಿಸುತ್ತೇನೆ, ನೀರು ತುಳುಕುವುದನ್ನು ಊರೇ ಬಂದು ನೋಡಲಿ. ಹೀಗೆಂದುಕೊಂಡು, ಆಳುಗಳು ಮಧ್ಯಾಹ್ನದ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ಹೆಂಡತಿಯನ್ನು ಕರೆದು ಅಗಲ ಬಾಯಿಯ ಕಂಚಿನ ಬಟ್ಟಲಿಗೆ ಅಂಚಿನವರೆಗೆ ನೀರು ತುಂಬಿಸಿದ.

ಬಟ್ಟಲನ್ನು ಯಂತ್ರದ ಹತ್ತಿರ ತಂದವನು ಅಲ್ಲೇ ನಿಂತ. ಯಂತ್ರ ನಡುಗುತ್ತದೆ ಎಂದೇ ಇಟ್ಟುಕೊಳ್ಳೋಣ. ಅದರಿಂದ ಕೈ ನಡುಗುವುದಿಲ್ಲ ಎಂದು ಆಯಿತೇ? ಎರಡೂ ನಡುಗುತ್ತಿರಬಹುದಲ್ಲ? ಈ ಯೋಚನೆ ಬಂದದ್ದೇ ಅವನ ಸಿಟ್ಟು ಇಳಿಯಿತು, ಆ ಜಾಗಕ್ಕೆ ಭಯ ಬಂತು.

ಅವನು ಬಟ್ಟಲನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡ. ತೋಳನ್ನು ನೇರವಾಗಿ ಮುಂದಕ್ಕೆ ಚಾಚಿದ. ಹೆಂಡತಿಗೆ ನೂರರವರೆಗೆ ಎಣಿಸಲು ಹೇಳಿದ. ಒಂದು ಹನಿ ಬಿದ್ದರೂ ಇವತ್ತೇ ಉಳಿ ಕೆಳಗಿಡುತ್ತೇನೆ ಎಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡ. ಇಪ್ಪತ್ತಾಯಿತು. ಐವತ್ತಾಯಿತು. ತೋಳು ಉರಿಯತೊಡಗಿತು. ಅವನು ನೀರನ್ನು ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

ನೂರಾಯಿತು. "ಸಾಕು, ಕೆಳಗಿಡಿ" ಎಂದಳು ಅವಳು. "ನೀರು ಅಲ್ಲಾಡ್ಲಿಲ್ಲ. ನನ್ನ ಎದೇನೇ ಡವಡವ ಅಂತಿದೆ."

ಬಡಗಿ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಬಟ್ಟಲನ್ನು ಯಂತ್ರದ ಹಾಸಿನ ಮೇಲಿಟ್ಟು ಸ್ವಿಚ್ಚು ಒತ್ತಿದ. ನೀರಿನಲ್ಲಿ ಬಳೆ ಬಳೆಯಾಗಿ ಸುತ್ತು ಎದ್ದವು, ಅಂಚಿನಿಂದ ನೀರು ಇಳಿಯಿತು.

ಇಷ್ಟಕ್ಕೆ ಅವನು ಊರನ್ನು ಕರೆಯಬಹುದಿತ್ತು. ಕರೆಯಲಿಲ್ಲ. ನಡುಗುತ್ತದೆ ಎಂದು ಗೊತ್ತಾದರೆ ಸಾಲದು, ಎಲ್ಲಿ, ಎಷ್ಟು ಎಂದು ಗೊತ್ತಾಗಬೇಕು. ಅವನು ಯಂತ್ರದ ಪಕ್ಕ ನೆಲಕ್ಕೆ ಒಂದು ಗೂಟ ನೆಟ್ಟು, ಅದಕ್ಕೆ ಅಡ್ಡಲಾಗಿ ಪೆನ್ಸಿಲು ಕಟ್ಟಿದ. ಮದುವೆಯ ಹಳೆಯ ಕರೆಯೋಲೆಯೊಂದನ್ನು ಹಿಂದುಮುಂದಾಗಿ ಯಂತ್ರದ ಮೈಗೆ ಅಂಟಿಸಿದ. ಪೆನ್ಸಿಲಿನ ಮೊನೆ ಕಾಗದಕ್ಕೆ ತಾಗಿಯೂ ತಾಗದಂತಿತ್ತು. ಯಂತ್ರ ನಿಂತಿದ್ದಾಗ ಕಾಗದದ ಮೇಲೆ ಬಿದ್ದದ್ದು ಒಂದು ಚುಕ್ಕೆ. ಓಡಿಸಿದಾಗ ಚುಕ್ಕೆ ಎಳೆದುಕೊಂಡು ಗೆರೆಯಾಯಿತು. ಗೂಟದ ಜಾಗ ಬದಲಿಸುತ್ತ ನೋಡಿದ. ಯಂತ್ರದ ಮುಂಗಾಲಿನ ಹತ್ತಿರ ಗೆರೆ ಇದೆಯೋ ಇಲ್ಲವೋ ಎನ್ನುವಷ್ಟು. ಹಿಂಗಾಲಿನ ಹತ್ತಿರ ಸ್ವಲ್ಪ ಉದ್ದ. ಚಕ್ರದ ಹತ್ತಿರ ಪೂರಾ ಒಂದು ಎಳ್ಳಿನಷ್ಟು. ಇದಕ್ಕೆಲ್ಲ ಅವನು ಮನೆ ಬಿಟ್ಟು ಹೊರಗಿನಿಂದ ಒಂದು ವಸ್ತುವನ್ನೂ ತರಿಸಲಿಲ್ಲ.

ಚಕ್ರದ ಬೆಲ್ಟು ಕಳಚಿದ. ಕೈಯಿಂದ ಚಕ್ರ ತಿರುಗಿಸಿ ಬಿಟ್ಟ. ಅದು ನಿಧಾನವಾಗಿ ಸುತ್ತಿ ನಿಂತಿತು. ಕೆಳಗೆ ಬಂದು ನಿಂತ ಕಡೆ ಸೀಮೆಸುಣ್ಣದ ಗುರುತು ಹಾಕಿದ. ಮತ್ತೆ ತಿರುಗಿಸಿದ. ಗುರುತು ಮತ್ತೆ ಕೆಳಗೇ ಬಂತು. ಮೂರನೆಯ ಸಲವೂ ಅಷ್ಟೇ. ಆ ಬದಿಯಲ್ಲಿ ಚಕ್ರ ಭಾರವಾಗಿತ್ತು. ಅಂಚಿನ ಒಳಮೈಯನ್ನು ಬೆರಳಿನಿಂದ ತಡವಿದ. ಕಲ್ಲಿನಂಥ ಗಟ್ಟಿ ಉಂಡೆಯೊಂದು ಕೈಗೆ ಸಿಕ್ಕಿತು.

ಅದು ಏನೆಂದು ಅವನಿಗೆ ಕೂಡಲೇ ಗೊತ್ತಾಯಿತು. ಚಕ್ರದ ಅಂಚಿನಲ್ಲಿ ಆ ಜಾಗದಲ್ಲಿ ಎರಕದ ಒಂದು ತಾವರೆ ಇತ್ತು. ಯಂತ್ರ ಬಂದ ವರ್ಷದ ಆಯುಧಪೂಜೆಯಲ್ಲಿ ಅಪ್ಪ ಆ ತಾವರೆಗೆ ಗಂಧ ಇಟ್ಟಿದ್ದ. ಅಪ್ಪ ಇಟ್ಟಲ್ಲೇ ಇಡಬೇಕೆಂದು ಮಗ ಪ್ರತಿ ವರ್ಷ ಚಕ್ರ ತಿರುಗಿಸಿ, ತಾವರೆಯನ್ನು ಎದುರಿಗೆ ತಂದುಕೊಂಡು, ಅದೇ ಜಾಗಕ್ಕೆ ಗಂಧ, ಅರಿಶಿನ, ಕುಂಕುಮ ಮೆತ್ತುತ್ತಿದ್ದ. ಅಪ್ಪ ಇಟ್ಟದ್ದು ಬೆರಳ ತುದಿಯಷ್ಟು. ಇವನು ಹೆಮ್ಮೆಯವನಲ್ಲವೇ, ಊರಿನಲ್ಲಿ ಯಾರ ಯಂತ್ರಕ್ಕೂ ಇಲ್ಲದಷ್ಟು ದಪ್ಪಗೆ ಮೆತ್ತುತ್ತಿದ್ದ. ಪೂಜೆಯ ಗಂಧವನ್ನು ಒರೆಸಬಾರದೆಂದು ಹಾಗೇ ಬಿಡುತ್ತಿದ್ದ. ಎಣ್ಣೆಯೂ ಮರದ ಪುಡಿಯೂ ಸೇರಿ ಮೂವತ್ತು ವರ್ಷದ ಗಂಧ ಅಲ್ಲೇ ಕೂತು ಬೆಳೆದು, ಈ ವರ್ಷ ಚಕ್ರವನ್ನೇ ಅಲುಗಿಸುವಷ್ಟು ಭಾರವಾಗಿತ್ತು.

ಅವನು ಉಳಿ ಎತ್ತಿಕೊಂಡ. ಹೆಂಡತಿ ಗಾಬರಿಯಾದಳು. "ಅಯ್ಯೋ, ದೇವರಿಗೆ ಅಂತ ಇಟ್ಟಿದ್ದನ್ನ ಕೆತ್ತಿ ತೆಗೀತೀರಾ?"

"ಇದು ದೇವರಿಗೆ ಮುಟ್ಟಿಲ್ಲ ಕಣೇ" ಎಂದ ಬಡಗಿ. "ಮುಟ್ಟಿದ್ರೆ ಇಲ್ಲಿ ಯಾಕೆ ಉಳೀತಿತ್ತು?"

ಕೆತ್ತಿ ತೆಗೆದ ಉಂಡೆ ಒಂದು ಅಚ್ಚು ಬೆಲ್ಲದಷ್ಟಿತ್ತು. ಅದರ ತಳದಲ್ಲಿ, ಲೋಹಕ್ಕೆ ಅಂಟಿಕೊಂಡು, ಅಪ್ಪ ಇಟ್ಟ ಗಂಧದ ತೆಳು ಪದರವೂ ಇದ್ದೀತು. ಬಡಗಿ ಒಂದು ಗಳಿಗೆ ಅದನ್ನು ಅಂಗೈಯಲ್ಲಿ ಹಿಡಿದು ಕೂತ. ಆಮೇಲೆ ನೀರಿನಲ್ಲಿ ನೆನೆಸಿ ಹಿತ್ತಲಿನ ದಾಸವಾಳದ ಬುಡಕ್ಕೆ ಹಾಕಿದ.

ಈಗ ಚಕ್ರವನ್ನು ತಿರುಗಿಸಿ ಬಿಟ್ಟರೆ ಒಂದು ಸಲ ನಿಂತಲ್ಲಿ ಇನ್ನೊಂದು ಸಲ ನಿಲ್ಲಲಿಲ್ಲ. ಬೆಲ್ಟು ಹಾಕಿ ಯಂತ್ರ ಓಡಿಸಿದ. ಬಟ್ಟಲಿನ ನೀರು ತೆಳ್ಳಗೆ ಒಮ್ಮೆ ಮಿನುಗಿ ಸುಮ್ಮನಾಯಿತು, ಮಾಡಿನ ಹೆಂಚು ಅದರಲ್ಲಿ ಕಾಣುತ್ತಿತ್ತು. ಕರೆಯೋಲೆಯ ಮೇಲೆ ಪೆನ್ಸಿಲು ಚುಕ್ಕೆ ಇಟ್ಟಿತು, ಗೆರೆ ಎಳೆಯಲಿಲ್ಲ. ಬಡಗಿ ಅದರ ಕೆಳಗೆ ತಾರೀಖು ಬರೆದು ಗೋಡೆಗೆ ಹಚ್ಚಿದ. ಊರಿನಲ್ಲಿ ಬೇರೆ ಯಾರ ಗೋಡೆಯ ಮೇಲೂ ಅಂಥ ಚುಕ್ಕೆ ಇರಲಿಲ್ಲ.

ಎಂಟನೆಯ ದಿನ ಹೆಡ್‌ಮಾಸ್ಟರು ಬಂದಾಗ ಹಲಗೆಗಳು ಸಾಲಾಗಿ ನಿಂತಿದ್ದವು. ಅವರು ಒಂದೊಂದನ್ನೇ ಓರೆ ಬೆಳಕಿಗೆ ಹಿಡಿದರು, ಅಂಗೈಯಿಂದ ಸವರಿದರು, ಅಲೆ ಎಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ಬಡಗಿ ಅಡುಗೆಮನೆಯಿಂದ ಅಂಗಳ ದಾಟಿ ಕಾಫಿ ತಂದ. ಲೋಟ ಅಂಚಿನವರೆಗೆ ತುಂಬಿತ್ತು. ಹೆಂಡತಿ ಕೊಡಬಂದರೂ ಬಿಡದೆ ಅವನೇ ತಂದಿದ್ದ. ಹೆಡ್‌ಮಾಸ್ಟರು ಲೋಟ ನೋಡಿದರು, ಅವನ ಕೈ ನೋಡಿದರು, ನಾಚಿಕೊಂಡರು. "ಅಂತೂ ತಪ್ಪು ಯಂತ್ರದ್ದು ಅನ್ನಿ" ಎಂದರು.

ಬಡಗಿ ನೆಟ್ಟಗೆ ನಿಂತ. "ಅಲ್ಲ ಮೇಷ್ಟ್ರೇ, ತಪ್ಪು ನನ್ನದೇ. ಅದರ ಮೈಗೆ ಮೆತ್ತಿದ್ದು ನಾನು, ಒರೆಸದೆ ಬಿಟ್ಟಿದ್ದೂ ನಾನು. ಕೈ ಮಾತ್ರ ನಡುಗಿಲ್ಲ."

ಆಮೇಲೆ ಹದಿನಾರು ಬಾಗಿಲು ಮುಗಿಸಿ ಕೊಟ್ಟಾಗಲೂ ಅವನು ಅಷ್ಟು ಹೆಮ್ಮೆಯಿಂದ ಮಾತಾಡಲಿಲ್ಲ. ಮುಂದಿನ ವರ್ಷದ ಪೂಜೆಗೆ ತಾವರೆಯ ಮೇಲೆ ಬೆರಳ ತುದಿಯಷ್ಟು ಗಂಧ ಇಟ್ಟ, ಮೂರನೆಯ ದಿನ ಒದ್ದೆ ಬಟ್ಟೆಯಿಂದ ಒರೆಸಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. ತಂಬೂರಿಯನ್ನು ಅವರ ಮುಂದಕ್ಕೆ ಸರಿಸಿ, "ಹಾಗಾದರೆ ಇದನ್ನು ಬಿಚ್ಚಿಯೇ ನೋಡೋಣವೇ ಗುರುಗಳೇ?" ಎಂದ.

"ನೋಡೋಣ," ಎಂದರು ಗುರುಗಳು, "ಮೊದಲು ಅದನ್ನು ಗೋಡೆಗೆ ಒರಗಿಸಿ, ನೀನೊಬ್ಬನೇ ಒಂದು ಷಡ್ಜ ಹಿಡಿ."

ಶಿಷ್ಯ ಎದ್ದು ತಂಬೂರಿಯನ್ನು ಗೋಡೆಗೆ ಒರಗಿಸಿದ, ಆದರೆ ಅದರ ಮೇಲಿನ ಕೈ ತೆಗೆಯಲಿಲ್ಲ.